ವಾಲ್ನೂರಿನ ಮಡುವಿನಲ್ಲಿ ಎರಡು ದಿನ: ಕಿತ್ತಳೆ ರೆಕ್ಕೆಯ ಬಿಳಿಮೀನಿನ ಬೆನ್ನು ಹತ್ತಿ

ಕುಶಾಲನಗರದಿಂದ ಸಿದ್ದಾಪುರದ ರಸ್ತೆ ಹಿಡಿದರೆ ದುಬಾರೆಯ ಕವಲು ದಾಟಿದ ಮೇಲೆ ವಾಲ್ನೂರು. ಮಳೆಗಾಲದ ಕೆಂಪು ಇಳಿದು ಜನವರಿಯ ಹೊತ್ತಿಗೆ ಕಾವೇರಿ ತಿಳಿಯಾಗಿರುತ್ತದೆ, ಬಂಡೆಗಳು ತಲೆ ಎತ್ತಿರುತ್ತವೆ. ಗಾಳ ಹಾಕಲು ಅನುಮತಿ ಪತ್ರ ಮೊದಲೇ ಕೈಯಲ್ಲಿರಬೇಕು. ಹಿಡಿದ ಮೀನನ್ನು ಬಿಟ್ಟುಬಿಡುವುದು ಇಲ್ಲಿನ ಕಟ್ಟಳೆ.

ಹುಡುಕಾಟ ಮಹಶೀರ್‌ಗಾಗಿ, ನಮ್ಮ ಬಿಳಿಮೀನಿಗಾಗಿ. ಗಾಳಕ್ಕೆ ಹೆಚ್ಚಾಗಿ ಬೀಳುವುದು ನೀಲಿ ರೆಕ್ಕೆಯದು. ಅದನ್ನು ಮಹಾರಾಷ್ಟ್ರದ ಲೋನಾವಳದ ಮೀನುಮರಿ ಕೇಂದ್ರದಲ್ಲಿ ಬೆಳೆಸಿ ಹೊರಗಿನಿಂದ ತಂದು ಕಾವೇರಿಗೆ ಬಿಟ್ಟದ್ದು. ಈ ಹೊಳೆಯ ಮೂಲದ ಮೀನು ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ದೈತ್ಯ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ ಮೀನು 120 ಪೌಂಡ್ ತೂಗಿತ್ತು. ಆ ಗೂನುಬೆನ್ನಿನ ಮೀನು ವಿಜ್ಞಾನಿಗಳು ಟಾರ್ ರೆಮಾದೇವಿ ಎಂದು ಹೆಸರಿಸಿದ ಜಾತಿಯೇ ಎಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು.

ಶನಿವಾರ ಬೆಳಕು ಹರಿಯುವ ಮೊದಲೇ ಎರೆ ಸಿದ್ಧವಾಗಿರಬೇಕು. ಊಟದ ಮುದ್ದೆ ಬೇಡ, ಅದು ನೀರಿನಲ್ಲಿ ಬೇಗ ಕರಗುತ್ತದೆ. ಒಂದು ಕಿಲೋ ರಾಗಿಹಿಟ್ಟನ್ನು ತಣ್ಣೀರಿನಲ್ಲಿ ಗಟ್ಟಿಯಾಗಿ ಕಲಸಿ, ಕಿತ್ತಳೆ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಅರ್ಧ ಗಂಟೆ ಬೇಯಿಸಿ. ಬಿಸಿ ಇರುವಾಗಲೇ ರಬ್ಬರಿನಂತೆ ಎಳೆಯುವವರೆಗೆ ಮತ್ತೆ ನಾದಬೇಕು. ಇಷ್ಟು ಗಟ್ಟಿಯಾದರೆ ಮಾತ್ರ ಸಣ್ಣ ಮೀನುಗಳ ಕಚ್ಚಾಟವನ್ನು ಅದು ತಾಳುತ್ತದೆ. ಗಾಳಕ್ಕೆ ನಿಂಬೆ ಗಾತ್ರದ್ದು ಸಾಕು, ಮೊನೆ ಮಾತ್ರ ತೆಳುವಾಗಿ ಮುಚ್ಚಿರಲಿ.

ಕೋಲು ಒಂಬತ್ತು ಅಡಿಯದು. ರೀಲಿನಲ್ಲಿ 25 ಕಿಲೋ ತಾಳುವ ಹೆಣೆದ ದಾರ, ಕನಿಷ್ಠ 200 ಮೀಟರ್. ಗಾಳ 5/0 ಅಳತೆಯದು, ದಪ್ಪ ತಂತಿಯದು. ಮಹಶೀರ್‌ನ ಗಂಟಲಿನಲ್ಲಿ ಹಲ್ಲುಗಳಿವೆ, ಅವು ಏಡಿಯ ಚಿಪ್ಪನ್ನೂ ಪುಡಿ ಮಾಡುತ್ತವೆ. ತೆಳು ಗಾಳ ಅಲ್ಲಿ ಬಗ್ಗಿಹೋಗುತ್ತದೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿರಬೇಕು. ಎರೆಯನ್ನು ಮುಳುಗಿಸುವ ಸೀಸವನ್ನು ಮುಖ್ಯ ದಾರಕ್ಕೆ ಕಟ್ಟಬೇಡಿ, ಬಲ ಕಡಿಮೆಯ ತುಂಡು ದಾರದಲ್ಲಿ ಇಳಿಬಿಡಿ. ಬಂಡೆ ಸಂದಿಯಲ್ಲಿ ಸಿಕ್ಕಿಕೊಂಡಾಗ ಆ ತುಂಡಷ್ಟೇ ಹರಿಯಲಿ.

ರಭಸದ ಹರಿವು ಮಡುವಿಗೆ ಇಳಿಯುವ ತುದಿಯೇ ಜಾಗ. ಎರೆಯನ್ನು ಹರಿವಿನ ಅಂಚಿಗೆ ಹಾಕಿ, ಕೋಲನ್ನು ಕೈಯಲ್ಲೇ ಹಿಡಿದು, ದಾರವನ್ನು ಬೆರಳಿನ ಮೇಲೆ ಇಟ್ಟುಕೊಳ್ಳಿ. ಚಿಕ್ಕ ಚಿಕ್ಕ ತಟ್ಟುವಿಕೆ ಸಣ್ಣ ಮೀನಿನದು, ತಾಳ್ಮೆ ಇರಲಿ. ಬಿಳಿಮೀನು ಹಿಡಿದರೆ ದಾರ ಒಮ್ಮೆಲೇ ಓಡುತ್ತದೆ. ರೀಲಿನ ಬಿಗಿ, ಅಂದರೆ ದಾರ ಬಿಡಲು ಬೇಕಾದ ಎಳೆತ, ಆರು ಕಿಲೋ ಸುತ್ತ ಇರಲಿ. ಮೊದಲ ಓಟದಲ್ಲಿ ತಡೆಯಲು ಹೋದವರ ದಾರ ಬಂಡೆಯ ಅಂಚಿಗೆ ಉಜ್ಜಿ ಹರಿಯುತ್ತದೆ. ಓಡಲು ಬಿಟ್ಟು, ದಂಡೆಯುದ್ದಕ್ಕೂ ಅದರ ಜೊತೆಗೆ ಕೆಳಗೆ ನಡೆಯುವುದೇ ಸರಿ.

ನಡುಹಗಲು ಸುಮ್ಮನೆ ಕಳೆಯುತ್ತದೆ. ಸಂಜೆ ನಾಲ್ಕರಿಂದ ಮತ್ತೆ ಹೊತ್ತು ಒದಗುತ್ತದೆ, ಆದರೆ ಕತ್ತಲಾಗುವ ಮೊದಲೇ ದಂಡೆ ಬಿಡಬೇಕು. ಈ ಕಡೆ ಕಾಡಾನೆಗಳ ಓಡಾಟವಿದೆ. ರಾತ್ರಿ ಭಾಗಮಂಡಲದ ಕಡೆ ಮಳೆಯಾದರೆ ಭಾನುವಾರ ನೀರು ಕದಡಿರುತ್ತದೆ, ಮೀನು ಎರೆಯನ್ನು ಮೂಸುವುದೂ ಇಲ್ಲ. ಆಗ ಜಾಗ ಬದಲಿಸಿ ಪ್ರಯೋಜನವಿಲ್ಲ, ತಿಳಿಯಾಗುವವರೆಗೆ ಕಾಯಬೇಕು.

ಮೀನು ಬಂದರೆ ದಡಕ್ಕೆ ಎಳೆಯಬೇಡಿ. ಮೊಣಕಾಲಿನ ನೀರಿಗೆ ಇಳಿದು, ಕೈ ಒದ್ದೆ ಮಾಡಿಕೊಂಡು, ಹೊಟ್ಟೆಯ ಕೆಳಗೆ ಆಧಾರ ಕೊಡಿ. ಒಣ ಕೈ ಅದರ ಮೈಯ ಲೋಳೆಯನ್ನು ಅಳಿಸುತ್ತದೆ, ಅಲ್ಲಿಂದಲೇ ಸೋಂಕು ಹತ್ತುವುದು. ಕಿವಿರಿಗೆ ಬೆರಳು ಹಾಕಿ ಎತ್ತುವುದಂತೂ ಕೊಂದಂತೆಯೇ. ಉದ್ದ ಅಳೆಯುವುದು, ಚಿತ್ರ ತೆಗೆಯುವುದು ಎಲ್ಲವೂ ನೀರಿನಲ್ಲೇ ಆಗಲಿ. ರೆಕ್ಕೆ ಕಿತ್ತಳೆಯೋ ನೀಲಿಯೋ ಎಂಬುದು ಚಿತ್ರದಲ್ಲಿ ಸ್ಪಷ್ಟವಾಗಿರಲಿ. ಆಮೇಲೆ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು ನಿಲ್ಲಬೇಕು. ದೊಡ್ಡ ಮೀನಿಗೆ ಹತ್ತು ನಿಮಿಷವೂ ಬೇಕಾಗಬಹುದು. ಬಾಲ ತಾನೇ ಬಲವಾಗಿ ಒದ್ದು ಕೈಯಿಂದ ಜಾರಿದ ಮೇಲೆಯೇ ದಡ ಹತ್ತಿ.