ಮೊದಲು ಯೂನಿಟ್, ಆಮೇಲೆ ರೂಪಾಯಿ

ಹುಬ್ಬಳ್ಳಿ, 15 ಜೂನ್ 2025, ಭಾನುವಾರ

ವಿದ್ಯಾನಗರದ ಕಡೆ ಒಂದು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟು, ಇಬ್ಬರ ಸಂಸಾರ, ಹೊಸ ಮೀಟರು. ಇವತ್ತಿನ ಲೆಕ್ಕ ಇಂಥ ಮನೆಯ ಕರೆಂಟು, ಗ್ಯಾಸು, ನೀರು, ಇಂಟರ್‌ನೆಟ್ಟಿನ ತಿಂಗಳ ಖರ್ಚಿನದು.

ಹಿಂದೆ ಇದ್ದವರ ಕರೆಂಟ್ ಬಿಲ್ಲು ನೋಡಿ ಅಂದಾಜು ಹಿಡಿಯುವುದು ದಂಡ. ಅವರ ಮನೆಯಲ್ಲಿ ಏನೇನಿತ್ತು, ಎಷ್ಟು ದಿನ ಬೀಗ ಹಾಕಿತ್ತು, ಯಾರಿಗೆ ಗೊತ್ತು? ವ್ಯಾಟ್ ನೋಡಿ ಯೂನಿಟ್ ಬರೆದುಕೊಳ್ಳಬೇಕು. ಸಾವಿರ ವ್ಯಾಟ್ ಒಂದು ತಾಸು ಉರಿದರೆ ಒಂದು ಯೂನಿಟ್, ಅಷ್ಟೇ.

15 ಲೀಟರ್ ಗೀಸರ್ ಒಮ್ಮೆ ಪೂರ್ತಿ ಕಾಯಲು 0.6 ಯೂನಿಟ್ ಬೇಕು. ಇಬ್ಬರ ಸ್ನಾನಕ್ಕೆ ಎರಡು ಸಲ. ತಿಂಗಳಿಗೆ 40 ಹಿಡಿಯಿರಿ. 75 ವ್ಯಾಟಿನ ಹಳೇ ಫ್ಯಾನ್ ಎರಡು, ದಿನಕ್ಕೆ ಹತ್ತು ತಾಸು: 45. ಒಂದೇ ಬಾಗಿಲಿನ ಫ್ರಿಜ್ 18, ಟಿವಿ 7, ದೀಪ 5, ಮಿಕ್ಸರ್ ಮತ್ತು ಇಸ್ತ್ರಿ ಸೇರಿ 8. ವೈಫೈ ಡಬ್ಬಿ ಹತ್ತೇ ವ್ಯಾಟ್, ಆದರೆ ಹಗಲೂ ರಾತ್ರಿ ಉರಿದು ಅದೂ 7 ತಿನ್ನುತ್ತದೆ. ಒಟ್ಟು 130. ಆ ಹಳೇ ಫ್ಯಾನ್ ತೆಗೆದು 30 ವ್ಯಾಟಿನ ಬಿಎಲ್‌ಡಿಸಿ (ಕಡಿಮೆ ಕರೆಂಟು ತಿನ್ನುವ ಮೋಟರಿನ ಫ್ಯಾನ್) ಹಾಕಿದರೆ 45 ಇದ್ದದ್ದು 18ಕ್ಕೆ ಇಳಿಯುತ್ತದೆ.

ಗೃಹಜ್ಯೋತಿ ಇದೆಯಲ್ಲ ಅಂತ ಸೊನ್ನೆ ಬರೆದುಕೊಳ್ಳುವವರೇ ಜಾಸ್ತಿ. 200 ಯೂನಿಟ್ ಎಲ್ಲರಿಗೂ ಪುಕ್ಕಟೆ ಅಲ್ಲ. ಆ ಮೀಟರಿಗೆ 2022-23ರ ಬಳಕೆಯ ಲೆಕ್ಕ ಇಲ್ಲದಿದ್ದರೆ ರಾಜ್ಯದ ಸರಾಸರಿ 53ಕ್ಕೆ ಶೇಕಡಾ 10 ಸೇರಿಸಿ 58 ಮಾತ್ರ ಉಚಿತ. ಉಳಿದ 72 ಯೂನಿಟ್‌ಗೆ 2025-26ರ ದರ 5.80ರಂತೆ 418, ಆ ವರ್ಷ ಶುರುವಾದ ಪಿಂಚಣಿ ಸರ್‌ಚಾರ್ಜ್ (ವಿದ್ಯುತ್ ನೌಕರರ ಪಿಂಚಣಿಗಾಗಿ ಹಾಕುವ ಶುಲ್ಕ) ಯೂನಿಟ್‌ಗೆ 36 ಪೈಸೆ, ಮೇಲೆ ಶೇಕಡಾ 9 ತೆರಿಗೆ. ಹತ್ತಿರ ಹತ್ತಿರ 480 ರೂಪಾಯಿ. 200 ದಾಟಿತೋ, ಉಚಿತದ್ದೂ ಹೋಯಿತು. ಎರಡು ಕಿಲೋವ್ಯಾಟ್ ಲೋಡ್ ಮಂಜೂರಾದ ಮನೆಗೆ ಅದೇ 2025-26ರಲ್ಲಿ ಕಿಲೋವ್ಯಾಟ್‌ಗೆ 145ರ ನಿಗದಿತ ಶುಲ್ಕವೂ ಕೂಡಿ 201 ಯೂನಿಟ್‌ಗೆ 1,600 ಮೀರುತ್ತಿತ್ತು. ಏಪ್ರಿಲ್‌ನಲ್ಲಿ ಗೀಸರ್ ಬಿಟ್ಟ 40ನ್ನು ಕೂಲರ್ ಹಿಡಿಯುತ್ತದೆ, ಅದು ಸರಿಹೋಯಿತು. ಒಂದು ಟನ್ನಿನ ಎಸಿ ಮಾತ್ರ ದಿನಕ್ಕೆ ಐದು ತಾಸು ಓಡಿದರೂ 200 ದಾಟಿಸುತ್ತದೆ. ಅದಕ್ಕೇ ರೀಡಿಂಗ್ ಆದ ಹದಿನೈದನೇ ದಿನ ಮೀಟರ್ ತಾವೇ ನೋಡಬೇಕು.

ಹಳೇ ಮನೆಯ ಆರ್‌ಆರ್ ನಂಬರಿಗೆ (ಬಿಲ್ಲಿನ ಮೇಲಿರುವ ಕರೆಂಟ್ ಸಂಪರ್ಕದ ಸಂಖ್ಯೆ) ಆಧಾರ್ ಅಂಟಿಕೊಂಡಿದ್ದರೆ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅದನ್ನು ಮೊದಲು ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಹೊಸ ಮನೆಗೆ ಗೃಹಜ್ಯೋತಿ ಅರ್ಜಿ ಹಿಡಿಯುವುದಿಲ್ಲ. ಹೆಸ್ಕಾಂ ಬಿಲ್ಲಿನಲ್ಲಿ ಒಮ್ಮೊಮ್ಮೆ ಬರುವ ಹೆಚ್ಚುವರಿ ಭದ್ರತಾ ಠೇವಣಿ ಮೀಟರಿಗೆ ಸೇರಿದ್ದು. ಅದನ್ನು ಮಾಲೀಕರೇ ಕಟ್ಟುತ್ತಾರೆ ಅಂತ ಕರಾರಿನಲ್ಲೇ ಬರೆಸಿಕೊಂಡರೆ ಮುಂದೆ ಜಗಳವಿಲ್ಲ.

ಗ್ಯಾಸ್ ತಿಂಗಳ ಲೆಕ್ಕಕ್ಕೆ ಬರುವುದಿಲ್ಲ, ದಿನದ ಲೆಕ್ಕಕ್ಕೆ ತರಬೇಕು. ಇಬ್ಬರಿಗೆ ದಿನಕ್ಕೆ 300 ಗ್ರಾಂ ಅಂದರೆ 14.2 ಕಿಲೋ 47 ದಿನ. 2025ರ ನಡುವಿನ ದರದ ಹತ್ತಿರ ಸಿಲಿಂಡರ್ 860 ಹಿಡಿದರೆ ತಿಂಗಳಿಗೆ 550. ಎರಡು ಹೊತ್ತೂ ರೊಟ್ಟಿ ಬಡಿಯುವ ಮನೆಯಲ್ಲಿ ಹಂಚು ಕಾಯ್ದೇ ಇರಬೇಕಾದ್ದರಿಂದ 40 ದಿನಕ್ಕೇ ಮುಗಿಯುತ್ತದೆ, ಆಗ 645. ಅನುಮಾನ ಇದ್ದರೆ ತೂಕ ಹಾಕಿ ನೋಡಿ: ಸಿಲಿಂಡರಿನ ಕೊರಳ ಹತ್ತಿರ ಖಾಲಿ ತೂಕ ಬರೆದಿರುತ್ತದೆ, 15.3 ಇದ್ದರೆ ತುಂಬಿದ್ದು 29.5 ತೂಗಬೇಕು. ಹೊಸ ಕನೆಕ್ಷನ್ನಾದರೆ ಸಿಲಿಂಡರ್ ಠೇವಣಿ 2,200, ರೆಗ್ಯುಲೇಟರಿನದು 250. ಇದು ಒಂದೇ ಸಲದ ಖರ್ಚು, ತಿಂಗಳ ಪಟ್ಟಿಗೆ ಸೇರಿಸಬೇಡಿ.

ನೀರಿನಲ್ಲಿ ದುಡ್ಡಿಗಿಂತ ಟಾಕಿಯೇ ಚಿಂತೆ. ತಲೆಗೆ ದಿನಕ್ಕೆ 135 ಲೀಟರ್ ಹಿಡಿದರೆ ಇಬ್ಬರಿಗೆ ಐದು ದಿನಕ್ಕೆ 1,350. ನಲ್ಲಿ ಐದು ದಿನಕ್ಕೊಮ್ಮೆ ಬಿಡುವ ಓಣಿಯಲ್ಲಿ ಸಾವಿರ ಲೀಟರಿನ ಟಾಕಿ ನಾಲ್ಕನೇ ದಿನವೇ ಬರಿದಾಗಿ ಟ್ಯಾಂಕರಿಗೆ ಫೋನು ಹೋಗುತ್ತದೆ. ನಲ್ಲಿಯ ಸರದಿ ಮನೆ ತೋರಿಸುವವರನ್ನು ಕೇಳುವುದಕ್ಕಿಂತ ಪಕ್ಕದ ಮನೆಯ ಅಕ್ಕನನ್ನು ಕೇಳುವುದು ವಾಸಿ.

ಇಂಟರ್‌ನೆಟ್ 500 ಅಂತ ಬೋರ್ಡಿನಲ್ಲಿದ್ದರೆ ಜಿಎಸ್‌ಟಿ ಸೇರಿ ಕಟ್ಟುವುದು 590. ಮೆಂಟೇನೆನ್ಸ್‌ನಲ್ಲಿ ಲಿಫ್ಟ್, ನೀರಿನ ಮೋಟರಿನ ಕರೆಂಟು ಬಂತೋ ಇಲ್ಲವೋ ಕೇಳಿ, ಮೂರು ತಿಂಗಳ ರಸೀದಿ ತೋರಿಸಲು ಹೇಳಿ.