ಚಿಪ್‌ನ ಮೇಲೆ ಶಬ್ದಕ್ಕೊಂದು ದಾರಿ

ದಾವಣಗೆರೆಯ ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ಎಂದೊಡನೆ ನೆನಪಾಗುವುದು ಅಲ್ಟ್ರಾಸಾನಿಕ್ ಇಂಟರ್‌ಫೆರೋಮೀಟರ್, ಅಂದರೆ ಕಿವಿಗೆ ಕೇಳಿಸದ ಶಬ್ದದಿಂದ ದ್ರವದಲ್ಲಿನ ಶಬ್ದವೇಗ ಅಳೆಯುವ ಸಾಧನ. ಕ್ವಾರ್ಟ್ಸ್ ಹರಳು 2 ಮೆಗಾಹರ್ಟ್ಸ್‌ನಲ್ಲಿ ಕಂಪಿಸುತ್ತಿರುವಾಗ ಸ್ಕ್ರೂ ತಿರುಗಿಸುತ್ತ ಹೋದರೆ, ನೀರಿನಲ್ಲಿ ಸುಮಾರು 0.37 ಮಿಲಿಮೀಟರಿಗೊಮ್ಮೆ ಮೀಟರಿನ ಮುಳ್ಳು ಏರುತ್ತದೆ. ಅದು ಅರ್ಧ ತರಂಗದೂರ. ಈಗ ಕಲಿಯುತ್ತಿರುವವರು ಆ ಲೆಕ್ಕವನ್ನು ಅಲ್ಲಿಗೇ ಬಿಡಬಾರದು; ಅದೇ ಲೆಕ್ಕದಿಂದ ಚಿಪ್‌ನ ಮೇಲೆ ಶಬ್ದದ ಅಲೆಗೆ ದಾರಿ ಮಾಡಬಹುದು.

ಲಿಥಿಯಂ ನಯೋಬೇಟ್ ವಿದ್ಯುತ್ ಕೊಟ್ಟರೆ ಕಂಪಿಸುವ ಹರಳು. ಅದನ್ನು 128 ಡಿಗ್ರಿ ವೈ-ಕಟ್ ಎಂಬ ನಿರ್ದಿಷ್ಟ ಕೋನದಲ್ಲಿ ಕತ್ತರಿಸಿದಾಗ ಮೇಲ್ಮೈಯಲ್ಲಿ ಶಬ್ದದ ಅಲೆಯ ವೇಗ ಸೆಕೆಂಡಿಗೆ ಸುಮಾರು 3,980 ಮೀಟರ್. 1 ಗಿಗಾಹರ್ಟ್ಸ್‌ಗೆ ತರಂಗದೂರ 4 ಮೈಕ್ರಾನ್. ಅಲೆ ಎಬ್ಬಿಸಲು 1965ರಲ್ಲಿ ವೈಟ್ ಮತ್ತು ವೋಲ್ಟ್‌ಮರ್ ತೋರಿಸಿದ ಬಾಚಣಿಗೆಯಂಥ ಎಲೆಕ್ಟ್ರೋಡ್ ಸಾಕು: ಬಾಚಣಿಗೆಯ ಹಲ್ಲಿನಂಥ ಲೋಹದ ಬೆರಳು 1 ಮೈಕ್ರಾನ್, ನಡುವಿನ ಸಂದು 1 ಮೈಕ್ರಾನ್.

ಎಬ್ಬಿಸಿದ ಅಲೆಯನ್ನು ಹಿಡಿದು ನಡೆಸುವುದೇ ನಿಜವಾದ ಕೆಲಸ. ದಾರಿಯಲ್ಲಿ ಅಲೆ ಸುತ್ತಲಿಗಿಂತ ನಿಧಾನವಾಗಿ ಹೋಗಬೇಕು, ಇಲ್ಲದಿದ್ದರೆ ಸೋರಿಹೋಗುತ್ತದೆ. ಸಿಲಿಕಾದ (ಸಿಲಿಕಾನ್ ಡೈಆಕ್ಸೈಡ್) ಮೇಲಿನ ಸಿಲಿಕಾನ್ ಪಟ್ಟಿ ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ಶಬ್ದವನ್ನು ಹಿಡಿಯುವುದಿಲ್ಲ. ಅಡ್ಡ ಅಲೆಯ, ಅಂದರೆ ಸಾಗುವ ದಿಕ್ಕಿಗೆ ಅಡ್ಡಲಾಗಿ ಕಂಪಿಸುವ ಅಲೆಯ, ವೇಗ ಸಿಲಿಕಾನ್‌ನಲ್ಲಿ ಸೆಕೆಂಡಿಗೆ ಸುಮಾರು 5,800 ಮೀಟರ್, ಕೆಳಗಿನ ಸಿಲಿಕಾದಲ್ಲಿ 3,760. ಹಾಗಾಗಿ ಶಕ್ತಿಯೆಲ್ಲ ಕೆಳಗಿಳಿಯುತ್ತದೆ. ನೀಲಮಣಿಯ ಮೇಲೆ ಗ್ಯಾಲಿಯಂ ನೈಟ್ರೈಡ್ ಪದರ ಬೆಳೆಸಿದರೆ ಈ ಕಷ್ಟವಿಲ್ಲ, ಅಲ್ಲಿ ತಳವೇ ವೇಗದ್ದು. ಸಿಲಿಕಾನೇ ಬೇಕೆಂದರೆ ಕೆಳಗಿನ ಸಿಲಿಕಾವನ್ನು ಕರಗಿಸಿ ಪಟ್ಟಿಯನ್ನು ತೂಗುಬಿಡಬೇಕು. ದ್ರವ ಹೈಡ್ರೋಫ್ಲೋರಿಕ್ ಆಮ್ಲ ಬಳಸಿದರೆ ಒಣಗುವಾಗ ದ್ರವದ ಮೇಲ್ಮೈ ಎಳೆತಕ್ಕೆ ಪಟ್ಟಿ ಬಾಗಿ ತಳಕ್ಕೆ ಅಂಟುತ್ತದೆ, ಅಲ್ಯೂಮಿನಿಯಂ ಬೆರಳುಗಳೂ ಕರಗುತ್ತವೆ. ಆವಿಯ ರೂಪದ ಆಮ್ಲವೇ ಮೇಲು. ಈ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಈ ಆಮ್ಲದ ಹತ್ತಿರ ಯಾರೂ ಹೋಗಬಾರದು.

ತೂಗುಬಿಟ್ಟರೂ ಪಟ್ಟಿಯನ್ನು ಹೊತ್ತ ಆಸರೆಗಳ ಮೂಲಕ ಸೋರಿಕೆ ಇದ್ದೇ ಇರುತ್ತದೆ. ಅಲ್ಲಿ ಸುಮಾರು ಅರ್ಧ ತರಂಗದೂರದ ಅಂತರದಲ್ಲಿ ರಂಧ್ರಗಳ ಸಾಲು ಕೊರೆದರೆ ಆ ಆವರ್ತನಕ್ಕೆ ದಾರಿ ಮುಚ್ಚುತ್ತದೆ. ಸಾಲಿನಲ್ಲಿ ಮತ್ತೆ ಮತ್ತೆ ಬರುವ ಒಂದು ರಂಧ್ರದ ತುಣುಕಿಗೆ ಬ್ಯಾಂಡ್ ಲೆಕ್ಕ, ಅಂದರೆ ಯಾವ ಆವರ್ತನಗಳು ದಾಟುತ್ತವೆ ಎಂಬ ಲೆಕ್ಕ, ಮಾಡಲು ಸಾಮಾನ್ಯ ಕಂಪ್ಯೂಟರ್ ಸಾಕು; ಚಿಪ್ ತಯಾರಿಸುವ ದೂಳಿಲ್ಲದ ಕೋಣೆಗೆ (ಕ್ಲೀನ್‌ರೂಮ್) ಹೋಗುವ ಮೊದಲೇ ಊರಲ್ಲೇ ಮುಗಿಸಬಹುದು.

ಲಿಥಿಯಂ ನಯೋಬೇಟ್‌ಗೆ ಬಿಸಿಯ ಏರಿಳಿತ ಆಗಿಬರುವುದಿಲ್ಲ. ತಣ್ಣನೆಯ ಹರಳನ್ನು ನೇರವಾಗಿ ಕಾದ ಹಾಟ್‌ಪ್ಲೇಟಿಗೆ ಇಟ್ಟರೆ ಮೇಲ್ಮೈಯಲ್ಲಿ ವಿದ್ಯುದಂಶ ಕೂಡಿ ಕಿಡಿ ಹಾರುತ್ತದೆ. ಎಲೆಕ್ಟ್ರೋಡ್‌ನ ಬೆರಳುಗಳು ಸುಟ್ಟುಹೋಗುತ್ತವೆ, ಕೆಲವೊಮ್ಮೆ ಹರಳೇ ಬಿರಿಯುತ್ತದೆ. ನಿಮಿಷಕ್ಕೆ ಕೆಲವೇ ಡಿಗ್ರಿಯಂತೆ ಏರಿಸಿ, ಹಾಗೆಯೇ ಇಳಿಸಿ.

ಅಲೆಯನ್ನು ಒಂದು ಎಲೆಕ್ಟ್ರೋಡ್ ಎಬ್ಬಿಸಿ ಇನ್ನೊಂದು ಹಿಡಿಯುತ್ತದೆ. ಅಳೆಯುವಾಗ ಮೊದಲು ಕಾಣುವ ಸಂಕೇತ ಶಬ್ದದ್ದಲ್ಲ, ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹಾರುವ ವಿದ್ಯುತ್ತಿನದು. ಅವೆರಡರ ನಡುವೆ 4 ಮಿಲಿಮೀಟರ್ ಬಿಟ್ಟರೆ ಅಲೆ ಸುಮಾರು 1 ಮೈಕ್ರೋಸೆಕೆಂಡ್ ತಡವಾಗಿ ಬರುತ್ತದೆ. ಪ್ರತಿ ಆವರ್ತನದಲ್ಲಿ ಎಷ್ಟು ಸಂಕೇತ ದಾಟಿತೆಂದು ಅಳೆಯುವ ನೆಟ್‌ವರ್ಕ್ ಅನಲೈಸರಿನ ದತ್ತಾಂಶವನ್ನು ಕಾಲಕ್ಕೆ ಪರಿವರ್ತಿಸಿ, ಸೊನ್ನೆ ಕಾಲದ ಬಳಿಯ ಆ ವಿದ್ಯುತ್ ಸಂಕೇತವನ್ನು ಕತ್ತರಿಸಿ, ಉಳಿದದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ.