ಮಳೆಗೆ ಮೊದಲೇ ಚಿಗುರುವ ಮರಗಳು

ಬಯಲುಸೀಮೆಯ ಹೊಂಗೆ ಚಿಗುರುವುದು ಮಳೆಗಾಲದಲ್ಲಲ್ಲ, ವರ್ಷದ ಅತ್ಯಂತ ಒಣ ದಿನಗಳಲ್ಲಿ. ಮಾರ್ಚ್ ತಿಂಗಳ ಹೊತ್ತಿಗೆ ಮೇಲ್ಮಣ್ಣು ಬಿರುಕುಬಿಟ್ಟಿರುತ್ತದೆ, ಮುಂಗಾರಿಗೆ ಇನ್ನೂ ಎರಡು ತಿಂಗಳಿಗೂ ಹೆಚ್ಚು ಕಾಲ ಉಳಿದಿರುತ್ತದೆ, ಬಿಸಿಲು ದಿನದಿಂದ ದಿನಕ್ಕೆ ಏರುತ್ತಿರುತ್ತದೆ. ಅಂಥ ಹೊತ್ತಿನಲ್ಲಿಯೇ ಹೊಂಗೆ ತನ್ನ ಹಳೆಯ ಎಲೆಗಳನ್ನು ಉದುರಿಸಿ, ಕೆಲವೇ ದಿನಗಳಲ್ಲಿ ಹೊಳೆಯುವ ಎಳೆಯ ಎಲೆಗಳಿಂದ ತುಂಬಿಕೊಳ್ಳುತ್ತದೆ. ಅರಳಿಯೂ ಹೀಗೆಯೇ. ಯುಗಾದಿಯ ಸುಮಾರಿಗೆ ಮರ ಚಿಗುರುವುದನ್ನು ನಾವು ಹಬ್ಬದ ಭಾಗವೆಂಬಂತೆ ಒಪ್ಪಿಕೊಂಡಿರುವುದರಿಂದ, ನೀರೇ ಇಲ್ಲದ ಕಾಲದಲ್ಲಿ ನೀರು ಬೇಡುವ ಎಲೆಗಳನ್ನು ಮರ ಹೊರಡಿಸುವುದೇಕೆ ಎಂಬ ಪ್ರಶ್ನೆ ನಮಗೆ ಹೊಳೆಯುವುದೇ ಅಪರೂಪ. ನನಗಂತೂ ಸಸ್ಯಗಳ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ಕುತೂಹಲಕರವಾದುದು ಕಂಡಿಲ್ಲ.

ಮೊಗ್ಗು ಒಡೆಯುವ ಕಾಲವನ್ನು ನಿರ್ಧರಿಸುವುದು ಯಾವುದೆಂದು ವಿಜ್ಞಾನಿಗಳು ಹೆಚ್ಚಾಗಿ ಹುಡುಕಿರುವುದು ಚಳಿದೇಶಗಳ ಮರಗಳಲ್ಲಿ. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1920ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಓದುವಂತಿವೆ. ಚಳಿಗಾಲವಿಡೀ ಬೆಚ್ಚನೆಯ ಗಾಜಿನ ಮನೆಯಲ್ಲಿ ಇಟ್ಟ ಬ್ಲೂಬೆರಿ ಗಿಡಗಳು ವಸಂತ ಬಂದರೂ ಸರಿಯಾಗಿ ಚಿಗುರಲಿಲ್ಲ. ಹೊರಗೆ ಚಳಿಯನ್ನು ಉಂಡವು ಚಿಗುರಿದವು. ಒಳಗಿದ್ದ ಗಿಡದ ಒಂದು ಕೊಂಬೆಯನ್ನಷ್ಟೇ ಹೊರಗಿನ ಚಳಿಗೆ ಚಾಚಿಟ್ಟಾಗ ಆ ಕೊಂಬೆ ಮಾತ್ರ ಎಲೆ ಬಿಟ್ಟಿತು. ಅಂದರೆ ಚಳಿಯ ಲೆಕ್ಕ ಇಡುವುದು ಇಡೀ ಗಿಡವಲ್ಲ, ಒಂದೊಂದು ಮೊಗ್ಗೂ ತನ್ನ ಪಾಲಿನ ಚಳಿಯನ್ನು ತಾನೇ ಕೂಡಿಸಿಕೊಳ್ಳುತ್ತದೆ. ಮೊಗ್ಗು ಸುಪ್ತಸ್ಥಿತಿಗೆ ಇಳಿಯುವಾಗ ಅಬ್ಸಿಸಿಕ್ ಆಮ್ಲ ಎಂಬ ಸಸ್ಯ ಹಾರ್ಮೋನಿನ ಪ್ರಭಾವದಿಂದ ಅದರ ಜೀವಕೋಶಗಳ ನಡುವಿನ ಸೂಕ್ಷ್ಮ ದಾರಿಗಳು ಕ್ಯಾಲೋಸ್ ಎಂಬ ವಸ್ತುವಿನಿಂದ ಮುಚ್ಚಿಹೋಗುತ್ತವೆ. ಬೆಳೆಯಬೇಕೆಂಬ ಸಂದೇಶ ಬಂದರೂ ಅದು ಒಳಗೆ ತಲುಪುವುದಿಲ್ಲ. ವಾರಗಟ್ಟಲೆಯ ಚಳಿ ಆ ದಾರಿಗಳನ್ನು ಮತ್ತೆ ತೆರೆಯುತ್ತದೆ, ಆ ಬಳಿಕವೇ ವಸಂತದ ಬಿಸುಪಿಗೆ ಮೊಗ್ಗು ಉಬ್ಬುತ್ತದೆ. ಸೇಬಿನ ಹಲವು ಸಾಂಪ್ರದಾಯಿಕ ತಳಿಗಳಿಗೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ 800ರಿಂದ 1200 ಗಂಟೆಗಳಷ್ಟು ಚಳಿ ಬೇಕು. ಯುರೋಪಿನ ಬೀಚ್ ಮರ ಇದರ ಜೊತೆಗೆ ಹಗಲು ಉದ್ದವಾಗುವುದನ್ನೂ ಕಾಯುತ್ತದೆ.

ನಮ್ಮ ಬಯಲಿನ ಮರಗಳಿಗೆ ಅಂಥ ಚಳಿ ಎಲ್ಲಿಂದ ಬರಬೇಕು? ಇಲ್ಲಿ ಮೊದಲು ನೋಡಬೇಕಾದದ್ದು ಕಾಂಡದೊಳಗಿನ ನೀರನ್ನು. ಎಳೆಯ ಎಲೆಯ ಕೋಶಗಳು ಹಿಗ್ಗಬೇಕಾದರೆ ಒಳಗಿನಿಂದ ನೀರಿನ ಒತ್ತಡ ಬೇಕು. ಹಳೆಯ ಎಲೆಗಳು ನೀರನ್ನು ಆವಿಯಾಗಿ ಬಿಡುತ್ತಿರುವವರೆಗೆ ಬೇಸಿಗೆಯಲ್ಲಿ ಆ ಒತ್ತಡ ಹುಟ್ಟುವುದು ಕಷ್ಟ. ಎಲೆ ಉದುರಿದೊಡನೆ ಆ ವೆಚ್ಚ ನಿಲ್ಲುತ್ತದೆ, ಆಳಕ್ಕಿಳಿದ ಬೇರುಗಳು ಎತ್ತಿದ ನೀರು ಕಾಂಡದಲ್ಲಿಯೇ ಉಳಿಯುತ್ತದೆ. ಕೋಸ್ಟರಿಕಾದ ಗ್ವಾನಾಕಾಸ್ಟೆಯ ಒಣ ಕಾಡಿನಲ್ಲಿ ರೋಲ್ಫ್ ಬೋರ್ಕರ್ಟ್ ಮತ್ತು ಅವರ ಸಹೋದ್ಯೋಗಿಗಳು ಕಾಂಡದ ಸುತ್ತಳತೆಯನ್ನು ಅಳೆದು ನೋಡಿದಾಗ, ಬರಗಾಲದಲ್ಲಿ ಕುಗ್ಗಿದ ಕಾಂಡಗಳು ಎಲೆ ಉದುರಿದ ಮೇಲೆ ಮಳೆಯಿಲ್ಲದೆಯೇ ಮತ್ತೆ ತುಂಬಿಕೊಳ್ಳುತ್ತಿದ್ದುದು ಕಂಡಿತು. ಎಲೆ ಉದುರುವುದನ್ನು ಸೋಲೆಂದು ನೋಡುವವರಿಗೆ ನಾನು ಹೇಳಬಯಸುವುದು ಇದನ್ನೇ: ಹೊಂಗೆಯಂಥ ಮರದಲ್ಲಿ ಅದು ಚಿಗುರಿನ ಮೊದಲ ಹೆಜ್ಜೆ.

ಆದರೆ ನೀರು ದೊರೆತರೆ ಚಿಗುರಲು ಸಾಧ್ಯ ಎಂದಷ್ಟೇ ಆಯಿತು, ಯಾವಾಗ ಎಂಬುದು ತಿಳಿದಂತಾಗಲಿಲ್ಲ. ಒಂದೇ ಜಾತಿಯ ಮರಗಳು ಬೇರೆ ಬೇರೆ ಮಣ್ಣುಗಳಲ್ಲಿ, ಮಳೆ ಬೇರೆ ಬೇರೆಯಾಗಿ ಸುರಿದ ವರ್ಷಗಳಲ್ಲಿಯೂ ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಚಿಗುರುವುದಕ್ಕೆ ಬೋರ್ಕರ್ಟ್ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟ ವಿವರಣೆ ಹಗಲಿನ ಉದ್ದ. ಉತ್ತರಾರ್ಧದ ಉಷ್ಣವಲಯದಲ್ಲಿ ಮಾರ್ಚ್ ಸುಮಾರಿಗೆ ಚಿಗುರುವ ಮರಗಳ ಬಳಗದವು ದಕ್ಷಿಣಾರ್ಧದಲ್ಲಿ ಆರು ತಿಂಗಳು ಸರಿದು ಚಿಗುರುತ್ತವೆ, ಮತ್ತು 30 ನಿಮಿಷ ಅಥವಾ ಅದಕ್ಕೂ ಕಡಿಮೆ ಹೆಚ್ಚಳವೇ ಮೊಗ್ಗಿಗೆ ಸಾಕಾಗುತ್ತದೆ ಎಂಬುದು ಅವರ ತೀರ್ಮಾನ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸವೇ ಸುಮಾರು ಒಂದೂವರೆ ಗಂಟೆ. ನಮ್ಮ ಗಮನಕ್ಕೆ ಬಾರದಷ್ಟು ಮೆಲ್ಲನೆಯ ಈ ಏರಿಕೆಯನ್ನು ಮರ ಅಳೆಯಬಲ್ಲದು ಎಂಬುದು ನನಗೆ ಪ್ರತಿ ಬಾರಿ ಓದಿದಾಗಲೂ ಬೆರಗು ಹುಟ್ಟಿಸುತ್ತದೆ. ಎಲ್ಲ ಮರಗಳೂ ಹೀಗಲ್ಲ. ತೇಗ ಸಾಮಾನ್ಯವಾಗಿ ಮೊದಲ ಮಳೆಗಳವರೆಗೆ ಬೋಳಾಗಿಯೇ ನಿಂತಿರುತ್ತದೆ.

ಬೇಗ ಚಿಗುರುವುದರಿಂದ ಮರಕ್ಕೇನು ಲಾಭ? ಮಳೆ ಬರುವಷ್ಟರಲ್ಲಿ ಎಲೆಗಳು ಬಲಿತು ಸಿದ್ಧವಾಗಿರುತ್ತವೆ ಎಂಬುದು ಒಂದು. ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೆ ಕಾಡಿನಲ್ಲಿ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದನ್ನು ತೋರಿಸಿತು: ಮಳೆಗಾಲದಲ್ಲಿ ತಡವಾಗಿ ಚಿಗುರಿದ ಗಿಡಗಳ ಎಲೆಗಳನ್ನು ಕೀಟಗಳು ಹೆಚ್ಚು ತಿಂದಿದ್ದವು, ಒಣ ದಿನಗಳಲ್ಲಿಯೇ ಚಿಗುರಿದವು ಅಷ್ಟು ಹಾನಿಗೆ ಒಳಗಾಗಿರಲಿಲ್ಲ.

ಮಲೆನಾಡಿನ ಕಾಫಿ ಗಿಡದ ಹೂಮೊಗ್ಗು ಇದಕ್ಕೆ ತಿರುಗುಮುರುಗು. ಅದು ನಿಜವಾಗಿಯೂ ಮಳೆಯನ್ನೇ ಕಾಯುತ್ತದೆ. ಆದರೆ ಮಳೆಗೆ ಮುಂಚೆ ಬರವನ್ನೂ ಕಾಯುತ್ತದೆ. ಕೆಲವೇ ಮಿಲಿಮೀಟರ್ ಬೆಳೆದು ನಿಂತ ಮೊಗ್ಗು ವಾರಗಳ ಕಾಲ ನೀರಿನ ಕೊರತೆಯನ್ನು ಅನುಭವಿಸಬೇಕು. ಆ ಮೇಲೆ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಯಾವುದಾದರೂ ದಿನ ಒಂದು ಅಂಗುಲದಷ್ಟು ಹೂಮಳೆ ಸುರಿದರೆ, ಎಂಟು ಹತ್ತು ದಿನಗಳಲ್ಲಿ ಕೊಡಗು, ಚಿಕ್ಕಮಗಳೂರುಗಳ ತೋಟಗಳು ಒಟ್ಟಿಗೆ ಬೆಳ್ಳಗಾಗುತ್ತವೆ. ಮಳೆ ಕೈಕೊಟ್ಟರೆ ಅನುಕೂಲವುಳ್ಳ ಬೆಳೆಗಾರರು ಸ್ಪ್ರಿಂಕ್ಲರ್ ಹಾಕುತ್ತಾರೆ. ಜನವರಿಯಲ್ಲಿ ಅಕಾಲ ಮಳೆ ಬಂದರೆ ಅಷ್ಟು ಹೊತ್ತಿಗೆ ಸಿದ್ಧವಾದ ಮೊಗ್ಗುಗಳು ಮಾತ್ರ ಅರಳಿ, ಉಳಿದವು ಹಿಂದೆ ಬಿದ್ದು, ಹಣ್ಣು ಒಂದೇ ಸಲಕ್ಕೆ ಕೊಯ್ಲಿಗೆ ಬರುವುದಿಲ್ಲ. ಕೂಲಿಯವರು ಸಿಗುವುದೇ ಕಷ್ಟವಾಗಿರುವ ಈ ದಿನಗಳಲ್ಲಿ ಇದು ಸಣ್ಣ ಸಂಕಟವಲ್ಲ. ಕಾಫಿಗೆ ಬರವೇ ಚಳಿಗಾಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ: ಬ್ಲೂಬೆರಿಯಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಒಣಹವೆ ಮಾಡುತ್ತದೆ.

ಹವೆ ಬಿಸಿಯಾದಂತೆ ಎಲ್ಲೆಡೆ ಮೊಗ್ಗುಗಳು ಬೇಗ ಒಡೆಯುತ್ತಲೇ ಹೋಗುತ್ತವೆ ಎಂಬ ಸರಳ ಲೆಕ್ಕ ಯುರೋಪಿನಲ್ಲಿಯೇ ತಪ್ಪಿದೆ. ಅಲ್ಲಿನ ಏಳು ಜಾತಿಯ ಮರಗಳು 1980ರಿಂದ 1994ರವರೆಗೆ ಒಂದು ಡಿಗ್ರಿ ಬಿಸುಪಿಗೆ ಸರಾಸರಿ 4 ದಿನ ಮುಂಚಿತವಾಗಿ ಎಲೆ ಬಿಡುತ್ತಿದ್ದವು. 1999ರಿಂದ 2013ರ ಅವಧಿಯಲ್ಲಿ ಅದು 2.3 ದಿನಕ್ಕೆ ಇಳಿಯಿತು. ಚಳಿಗಾಲದಲ್ಲಿ ಸಾಕಷ್ಟು ಚಳಿ ಸಿಗದಿರುವುದು ಇದಕ್ಕೆ ಒಂದು ಕಾರಣವೆಂದು ಭಾವಿಸಲಾಗಿದೆ. ಇಂಥ ಲೆಕ್ಕ ಯುರೋಪಿನವರಿಗೆ ಸಾಧ್ಯವಾದದ್ದು ದಾಖಲೆಗಳಿಂದ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ರಾಬರ್ಟ್ ಮಾರ್ಷಮ್ 1736ರಲ್ಲಿ ಆರಂಭಿಸಿದ ವಸಂತದ ದಿನಚರಿಯನ್ನು ಅವರ ವಂಶದವರು 1958ರವರೆಗೆ ಮುಂದುವರಿಸಿದರು. ನಮ್ಮಲ್ಲಿ ಹಗಲಿನ ಉದ್ದ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ, ಅಂತರ್ಜಲದ ಆಳ ಮತ್ತು ಮಳೆಯ ಕಾಲ ಬದಲಾಗುತ್ತಿವೆ. ಮರ ಯಾವುದರ ಮಾತು ಎಷ್ಟು ಕೇಳುತ್ತದೆ ಎಂಬುದನ್ನು ಬಿಡಿಸಿ ನೋಡಬೇಕಾದರೆ ಮನೆಯ ಮುಂದಿನ ಒಂದೇ ಹೊಂಗೆಗೆ ಸಂಬಂಧಿಸಿ ಪ್ರತಿವರ್ಷ ಮೂರು ತಾರೀಖುಗಳು ಬೇಕು: ಹಳೆಯ ಎಲೆ ಪೂರ್ತಿ ಉದುರಿದ ದಿನ, ಮೊದಲ ಮೊಗ್ಗು ಒಡೆದ ದಿನ, ಮೊದಲ ಮಳೆ ಬಿದ್ದ ದಿನ. ಈ ಮೂರನ್ನು ಬರೆದಿಡುತ್ತಿರುವವರು ಯಾರಾದರೂ ಇದ್ದರೆ ಅವರ ಪುಸ್ತಕವನ್ನು ನೋಡಲು ನನಗೆ ತುಂಬ ಆಸೆ.